ಪಟ್ಟಿ ಯಾರಿಗೆ, ಪಾಸ್‌ಪೋರ್ಟ್ ಯಾರ ಕೈಯಲ್ಲಿ?

ಕಳೆದ ತಿಂಗಳು ಕಾಚಿಗುಡದಲ್ಲಿ ನಡೆದ ನಮ್ಮ ಬಳಗದ ಸಭೆ ಮುಗಿದು ಎಲ್ಲರೂ ಚಹಾ ಕುಡಿಯುತ್ತಿದ್ದಾಗ ಯುವದಂಪತಿಗಳಿಬ್ಬರು ನಮ್ಮ ಮುಂದೆ ಒಂದು ಪ್ರಶ್ನೆ ಇಟ್ಟರು. ಇಬ್ಬರೂ ಕಲಬುರಗಿ ಕಡೆಯವರು, ಗಚ್ಚಿಬೌಲಿಯಲ್ಲಿ ಉದ್ಯೋಗ, ಮದುವೆಯಾಗಿ ಎಂಟು ತಿಂಗಳು. ಮಸ್ಕತ್, ದುಬೈ, ಅಲ್ಲಿಂದ ಸೌದಿ ಅರೇಬಿಯದ ಅಲ್-ಉಲಾಕ್ಕೆ ಹೋಗಿ ಬಂಡೆಯಲ್ಲಿ ಕೊರೆದ ನಬಾತೀಯರ ಸಮಾಧಿಗಳನ್ನು ನೋಡಿ ಬರುವುದು ಅವರ ಯೋಜನೆ. ‘ಸಂಪ್ರದಾಯಸ್ಥ ದೇಶಗಳು ಅಂತಾರಲ್ರೀ, ನಾವು ಏನೇನು ಎಚ್ಚರ ವಹಿಸಬೇಕು?’ ಎಂದು ಕೇಳಿದರು.

ಸಲಹೆ ಕೇಳಿದರೆ ಸುಮ್ಮನಿರುವ ಹಿರಿಯರು ನಮ್ಮಲ್ಲಿ ಯಾರೂ ಇಲ್ಲ. ಒಬ್ಬರಾದ ಮೇಲೊಬ್ಬರು ಹೇಳುತ್ತಾ ಹೋದೆವು. ತೋಳು ಮುಚ್ಚುವ ಉಡುಪೇ ಇರಲಿ, ಬಿಗಿಯಾದದ್ದು ಬೇಡ. ಚೀಲದಲ್ಲಿ ಸದಾ ಒಂದು ದುಪಟ್ಟಾ ಇರಲಿ. ಬೀದಿಯಲ್ಲಿ ಜೋರಾಗಿ ನಗಬೇಡ. ಅಪರಿಚಿತ ಗಂಡಸಿನ ಕಣ್ಣಿಗೆ ಕಣ್ಣು ಕೊಟ್ಟು ಮಾತಾಡಬೇಡ. ಟ್ಯಾಕ್ಸಿಯಲ್ಲಿ ಮುಂದಿನ ಸೀಟಿನಲ್ಲಿ ಕೂರಬೇಡ. ತಾಳಿ, ಕಾಲುಂಗುರ ಕಾಣುವಂತಿರಲಿ. ಒಬ್ಬಳೇ ಹೊರಗೆ ಹೋಗಬೇಡ. ಆಕೆ ತಲೆಯಾಡಿಸುತ್ತಾ ಎಲ್ಲವನ್ನೂ ಮೊಬೈಲಿನಲ್ಲಿ ಬರೆದುಕೊಂಡಳು. ಪಟ್ಟಿ ಹದಿನಾಲ್ಕು ಮುಟ್ಟಿತು. ಪಕ್ಕದಲ್ಲಿ ಗಂಡ ನಿಶ್ಚಿಂತೆಯಿಂದ ಚಹಾ ಮುಗಿಸಿ ಎರಡನೆಯ ಲೋಟಕ್ಕೆ ಕೈ ಚಾಚಿದ್ದ. ಕೊನೆಯಲ್ಲಿ ಆಕೆ ತಲೆಯೆತ್ತಿ ನಮ್ಮಲ್ಲಿ ಅತ್ಯಂತ ಹಿರಿಯರಾದವರನ್ನು ಕೇಳಿದಳು: ‘ಕಾಕಾ, ಇದರಾಗ ಇವರಿಗಂತ ಒಂದೂ ಇಲ್ಲೇನ್ರೀ?’

ಯಾರೂ ಉತ್ತರಿಸಲಿಲ್ಲ. ಯಾರೋ ನಕ್ಕು ಮಾತು ತೇಲಿಸಿದರು. ಮನೆಗೆ ಹಿಂತಿರುಗಿದ ಮೇಲೂ ಆ ಪ್ರಶ್ನೆ ನಮ್ಮನ್ನು ಬಿಡಲಿಲ್ಲ. ತಡವಾಗಿಯಾದರೂ ಅದಕ್ಕೆ ಉತ್ತರ ಕೊಡುವುದು ನಮ್ಮ ಕರ್ತವ್ಯವೆಂದು ಭಾವಿಸಿ ಈ ಲೇಖನ ಬರೆಯುತ್ತಿದ್ದೇವೆ. ಇಲ್ಲಿ ಟೀಕೆಗೆ ಗುರಿಯಾಗುವವರಲ್ಲಿ ಮೊದಲಿಗರು ನಾವೇ.

ನಮ್ಮ ವಾದವನ್ನು ಮೊದಲೇ ಹೇಳಿಬಿಡುತ್ತೇವೆ. ಅಂದು ಆ ಹುಡುಗಿಗೆ ನಾವು ಕೊಟ್ಟದ್ದು ಒಮಾನಿನ, ದುಬೈಯ ಅಥವಾ ಸೌದಿಯ ನಿಯಮಗಳ ಪಟ್ಟಿಯಲ್ಲ. ಅದು ನಮ್ಮ ಮನೆಯ ಪಟ್ಟಿ. ನಮ್ಮ ಓಣಿಯಲ್ಲಿ, ನಮ್ಮ ಬಂಧುಗಳ ನಡುವೆ ಹೆಣ್ಣುಮಕ್ಕಳಿಗೆ ಹುಟ್ಟಿನಿಂದ ಹೇಳುತ್ತಾ ಬಂದದ್ದನ್ನೇ ಪರದೇಶದ ಹೆಸರಿನಲ್ಲಿ ಇನ್ನೊಮ್ಮೆ ಹೇಳಿದೆವು. ಆ ದೇಶಗಳ ಕಾನೂನು ನಿಜವಾಗಿ ಏನು ಹೇಳುತ್ತದೆಂಬುದನ್ನು ನಮ್ಮಲ್ಲಿ ಒಬ್ಬರೂ ಓದಿರಲಿಲ್ಲ.

ಓದಿದ್ದರೆ ಏನು ತಿಳಿಯುತ್ತಿತ್ತು? ಸೌದಿ ಅರೇಬಿಯ 2019ರ ಸೆಪ್ಟೆಂಬರಿನಲ್ಲಿ ಪ್ರವಾಸಿ ವೀಸಾ ಕೊಡಲು ಆರಂಭಿಸಿದಾಗ ಸಾರ್ವಜನಿಕ ಸಭ್ಯತೆಯ ನಿಯಮಗಳನ್ನೂ ಪ್ರಕಟಿಸಿತು. ಹತ್ತೊಂಬತ್ತು ಬಗೆಯ ಉಲ್ಲಂಘನೆಗಳಿಗೆ ಅದರಲ್ಲಿ ದಂಡ ಗೊತ್ತುಮಾಡಲಾಗಿದೆ. ಕಸ ಎಸೆಯುವುದು, ಉಗುಳುವುದು, ಸರತಿ ಮುರಿಯುವುದು, ಅನುಮತಿಯಿಲ್ಲದೆ ಇನ್ನೊಬ್ಬರ ಚಿತ್ರ ತೆಗೆಯುವುದು ಇವೆಲ್ಲ ಅದರಲ್ಲಿ ಸೇರಿವೆ. ಉಡುಪಿನ ನಿಯಮವೂ ಇದೆ, ಆದರೆ ಅದು ಗಂಡು ಹೆಣ್ಣು ಇಬ್ಬರಿಗೂ ಅನ್ವಯಿಸುತ್ತದೆ. ವಿದೇಶಿ ಮಹಿಳೆಗೆ ಅಬಾಯಾ ಕಡ್ಡಾಯವಲ್ಲ. ಅದೇ ವರ್ಷದ ಅಕ್ಟೋಬರಿನಿಂದ ವಿದೇಶಿ ಜೋಡಿಗಳು ಮದುವೆಯ ಪುರಾವೆ ತೋರಿಸದೆ ಒಂದೇ ಕೋಣೆಯಲ್ಲಿ ಉಳಿಯಲು, ಮಹಿಳೆ ಒಬ್ಬಳೇ ಕೋಣೆ ಹಿಡಿಯಲು ಅಲ್ಲಿ ಅವಕಾಶವಾಯಿತು. ಸಂಯುಕ್ತ ಅರಬ್ ಎಮಿರೇಟ್ಸ್ 2020ರ ನವೆಂಬರಿನಲ್ಲಿ ಅವಿವಾಹಿತರ ಸಹವಾಸವನ್ನು ಅಪರಾಧಗಳ ಪಟ್ಟಿಯಿಂದ ಕೈಬಿಟ್ಟಿತು. ಆ ದೇಶದಲ್ಲಿ ಪ್ರವಾಸಿಗೆ ನಿಜವಾಗಿ ತೊಂದರೆ ತರಬಲ್ಲ ಸಂಗತಿಗಳು ಬೇರೆಯೇ ಇವೆ. ಅನುಮತಿಯಿಲ್ಲದೆ ಪರರ ಚಿತ್ರ ತೆಗೆದು ಹಂಚಿಕೊಳ್ಳುವುದು, ವಾಟ್ಸಾಪಿನಲ್ಲಿ ಯಾರನ್ನಾದರೂ ಬೈಯುವುದು, ಕೊಡೀನ್ ಅಥವಾ ಟ್ರಾಮಡಾಲ್ ಇರುವ ಮಾತ್ರೆಗಳನ್ನು ಪೂರ್ವಾನುಮತಿಯಿಲ್ಲದೆ ಒಯ್ಯುವುದು ಅಲ್ಲಿ ಅಪರಾಧ. ಗಸಗಸೆ ಒಯ್ಯುವುದೂ ಅಪರಾಧ. ನಮ್ಮ ಮನೆಯ ಪಾಯಸಕ್ಕೂ ಮಸಾಲೆಗೂ ಬೀಳುವ ಅದೇ ಗಸಗಸೆ ಅಲ್ಲಿ ಮಾದಕವಸ್ತುಗಳ ಲೆಕ್ಕಕ್ಕೆ ಸೇರುತ್ತದೆ. ಅತ್ತೆ ಪ್ರೀತಿಯಿಂದ ಪುಡಿಮಾಡಿ ಕಟ್ಟಿಕೊಟ್ಟ ಮಸಾಲೆಯ ಪೊಟ್ಟಣ ಆ ಹುಡುಗಿಯ ತೋಳಿಲ್ಲದ ರವಿಕೆಗಿಂತ ಎಷ್ಟೋ ಪಾಲು ಹೆಚ್ಚು ಅಪಾಯಕಾರಿ. ಹದಿನಾಲ್ಕು ಸಲಹೆಗಳಲ್ಲಿ ಗಸಗಸೆಯ ಹೆಸರು ಇರಲಿಲ್ಲ.

ಈ ನಿಜವಾದ ಪಟ್ಟಿಯನ್ನು ಇನ್ನೊಮ್ಮೆ ನೋಡೋಣ. ಉಗುಳುವವರು ಯಾರು? ಸರತಿ ಮುರಿದು ನುಗ್ಗುವವರು ಯಾರು? ದಾರಿಯಲ್ಲಿ ಹೋಗುವ ಹೆಂಗಸರತ್ತ ಮೊಬೈಲು ಹಿಡಿಯುವವರು, ಕುಡಿದು ರಸ್ತೆಗಿಳಿಯುವವರು, ಟ್ಯಾಕ್ಸಿ ಚಾಲಕನೊಡನೆ ಜಗಳ ತೆಗೆದು ಬೈಗುಳದ ಸಂದೇಶ ಕಳಿಸುವವರು ಯಾರು? ಗಂಡಸರು ಮಾತ್ರವೆಂದು ನಾವು ಹೇಳುವುದಿಲ್ಲ. ಆದರೆ ಹೆಚ್ಚಿನಂಶ ಯಾರೆಂಬುದನ್ನು ಓದುಗರ ಅನುಭವಕ್ಕೇ ಬಿಡುತ್ತೇವೆ. ಹಾಗಿದ್ದೂ ಎಚ್ಚರಿಕೆಯೆಲ್ಲ ಒಬ್ಬಳ ಪಾಲಿಗೆ, ಚಹಾ ಇನ್ನೊಬ್ಬನ ಪಾಲಿಗೆ ಎಂದು ನಾವು ಹಂಚಿದೆವು.

ಇನ್ನು ‘ಸಂಪ್ರದಾಯಸ್ಥ ದೇಶ’ ಎಂಬ ಮಾತಿಗೆ ಬರೋಣ. ಇದನ್ನು ಹೇಳುವಾಗ ನಮ್ಮ ಮನಸ್ಸಿನಲ್ಲಿರುವುದು ಬಹುಪಾಲು ಮುಸ್ಲಿಂ ದೇಶಗಳೇ. ವ್ಯಾಟಿಕನ್ನಿನ ಸಂತ ಪೀಟರರ ಬಸಿಲಿಕದಲ್ಲಿ ಭುಜ, ಮೊಣಕಾಲು ಕಾಣುವ ಉಡುಪಿನವರನ್ನು ಗಂಡಾಗಲಿ ಹೆಣ್ಣಾಗಲಿ ಒಳಗೆ ಬಿಡುವುದಿಲ್ಲ. ಆದರೂ ಇಟಲಿಗೆ ಹೊರಟವರಿಗೆ ನಾವು ಈ ಎಚ್ಚರಿಕೆ ಕೊಟ್ಟವರಲ್ಲ. ಧರ್ಮಸ್ಥಳದಲ್ಲಿ ಅಂಗಿ ಬನಿಯನ್ನು ಕಳಚಿ ದರ್ಶನಕ್ಕೆ ನಿಲ್ಲುವ, ತಿರುವನಂತಪುರದ ಪದ್ಮನಾಭಸ್ವಾಮಿಯ ಮುಂದೆ ಪ್ಯಾಂಟು ಬಿಟ್ಟು ಮುಂಡು ಸುತ್ತಿಕೊಳ್ಳುವ ಗಂಡಸರು ಅದನ್ನು ಹಿಂಸೆ ಎಂದುಕೊಂಡದ್ದಿಲ್ಲ. ಅದು ನಮ್ಮದು, ಆದ್ದರಿಂದ ಅದು ‘ಪದ್ಧತಿ’. ಪರರದ್ದಾದರೆ ಅದು ‘ಕಟ್ಟುಪಾಡು’. ಪದವನ್ನು ಹೀಗೆ ಎರಡು ಅಳತೆಗಳಲ್ಲಿ ತೂಗುವವರು ಸಾಹಿತ್ಯ ಬಳಗದವರೆಂದು ಹೇಳಿಕೊಳ್ಳುವುದು ನಾಚಿಕೆಗೇಡು.

ನಾವು ಇರುವ ಊರಾದರೂ ಎಂಥದು? ಈ ಹೈದರಾಬಾದಿನ ಇಂದಿರಾ ಪಾರ್ಕಿನ ಬಾಗಿಲಲ್ಲಿ 2021ರ ಆಗಸ್ಟ್ ತಿಂಗಳಲ್ಲಿ ಅವಿವಾಹಿತ ಜೋಡಿಗಳಿಗೆ ಪ್ರವೇಶವಿಲ್ಲವೆಂಬ ಫಲಕ ತೂಗುಹಾಕಲಾಯಿತು. ನಾಗರಿಕರು ಪ್ರತಿಭಟಿಸಿದ ಮೇಲೆ ಮಹಾನಗರಪಾಲಿಕೆ ಅದನ್ನು ತೆಗೆಸಿತು. ಇದನ್ನು ಇಂಡೊನೇಷ್ಯದೊಡನೆ ಹೋಲಿಸಿ ನೋಡಿ. ಆ ದೇಶ 2022ರ ಡಿಸೆಂಬರಿನಲ್ಲಿ ಒಪ್ಪಿದ ಹೊಸ ದಂಡಸಂಹಿತೆ ವಿವಾಹಬಾಹಿರ ಸಂಬಂಧವನ್ನು ಅಪರಾಧವೆಂದು ಸಾರಿದಾಗ ಜಗತ್ತೆಲ್ಲ ಹುಬ್ಬೇರಿಸಿತು. ಬಾಲಿಗೆ ಹೊರಟಿದ್ದ ನಮ್ಮವರೂ ಗಾಬರಿಯಾದರು. ಆ ಕಾನೂನನ್ನು ನಾವು ಒಪ್ಪುವುದಿಲ್ಲ. ಆದರೆ ಅದರಡಿ ಮೊಕದ್ದಮೆ ಹೂಡಲು ಸಂಗಾತಿ, ತಂದೆತಾಯಿ ಅಥವಾ ಮಕ್ಕಳು ದೂರು ಕೊಡಬೇಕು. ನಮ್ಮ ಪಾರ್ಕಿನಲ್ಲಿ ಅಷ್ಟೂ ಬೇಕಾಗಲಿಲ್ಲ. ಒಂದು ಬಟ್ಟೆಯ ಫಲಕವೇ ಸಾಕಾಯಿತು.

ಅವಿವಾಹಿತರು ಹೋಟೆಲಿನಲ್ಲಿ ಒಂದೇ ಕೋಣೆಯಲ್ಲಿ ಉಳಿಯಬಾರದೆಂಬ ಕಾನೂನು ಭಾರತದಲ್ಲಿ ಇಲ್ಲ. ಮದ್ರಾಸ್ ಹೈಕೋರ್ಟ್ 2019ರಲ್ಲಿ ಕೊಯಮತ್ತೂರಿನ ಪ್ರಕರಣವೊಂದರಲ್ಲಿ ಇದನ್ನು ಸ್ಪಷ್ಟವಾಗಿಯೇ ಹೇಳಿತು. ಆದರೂ ದೇಶದ ಒಂದು ದೊಡ್ಡ ಹೋಟೆಲ್ ಜಾಲ 2025ರ ಜನವರಿಯಲ್ಲಿ ಮೀರತ್ ನಗರದಿಂದ ಆರಂಭಿಸಿ ಜೋಡಿಗಳಿಂದ ಸಂಬಂಧದ ಪುರಾವೆ ಕೇಳುವ ನಿಯಮ ತಂದಿತು. ರಿಯಾದಿನಲ್ಲಿ ವಿದೇಶಿಯರನ್ನು ಕೇಳದ ಕಾಗದವನ್ನು ಮೀರತ್ತಿನಲ್ಲಿ ಕೇಳುತ್ತಾರೆ. ಮಂಗಳೂರಿನಲ್ಲಿ 2009ರ ಜನವರಿ 24ರಂದು ಪಬ್ಬಿಗೆ ನುಗ್ಗಿ ಹುಡುಗಿಯರನ್ನು ಅಟ್ಟಾಡಿಸಿ ಹೊಡೆದದ್ದನ್ನು ನಾವೆಲ್ಲ ದೂರದರ್ಶನದಲ್ಲಿ ಕಂಡಿದ್ದೇವೆ. ‘ನೈತಿಕ ಪೊಲೀಸ್‌ಗಿರಿ’ ಎಂಬ ಪದ ಕನ್ನಡ ಪತ್ರಿಕೆಗಳಲ್ಲಿ ಈಗ ಎಷ್ಟು ಸಲೀಸಾಗಿದೆಯೆಂದರೆ ಅದನ್ನು ಓದುವಾಗ ಯಾರೂ ಬೆಚ್ಚುವುದಿಲ್ಲ.

ಇವುಗಳನ್ನೂ ಮೀರಿದ ಮಾತೊಂದಿದೆ. 2018ರ ಸೆಪ್ಟೆಂಬರಿನಲ್ಲಿ, ಇಲ್ಲಿಂದ ಕೆಲವು ಗಂಟೆಗಳ ಹಾದಿಯ ಮಿರ್ಯಾಲಗೂಡದಲ್ಲಿ, ಮೇಲ್ಜಾತಿಯ ಹುಡುಗಿಯನ್ನು ಮದುವೆಯಾದ ದಲಿತ ಯುವಕನನ್ನು ಗರ್ಭಿಣಿ ಪತ್ನಿಯ ಕಣ್ಣೆದುರೇ ಆಸ್ಪತ್ರೆಯ ಹೊರಗೆ ಕೊಚ್ಚಿ ಕೊಂದರು. ನಲ್ಗೊಂಡದ ನ್ಯಾಯಾಲಯ 2025ರ ಮಾರ್ಚಿನಲ್ಲಿ ಒಬ್ಬನಿಗೆ ಮರಣದಂಡನೆ, ಆರು ಮಂದಿಗೆ ಜೀವಾವಧಿ ಶಿಕ್ಷೆ ವಿಧಿಸಿತು. 2022ರ ಮೇ ತಿಂಗಳಲ್ಲಿ ಇದೇ ಹೈದರಾಬಾದಿನ ಸರೂರ್‌ನಗರದಲ್ಲಿ, ಮುಸ್ಲಿಂ ಹುಡುಗಿಯನ್ನು ಮದುವೆಯಾದ ದಲಿತ ಯುವಕನನ್ನು ನಡುರಸ್ತೆಯಲ್ಲಿ ಕೊಂದರು. ಪತ್ನಿಯ ಅಣ್ಣನೇ ಬಂಧಿತರಲ್ಲಿ ಒಬ್ಬ. ಒಂದು ಕಡೆ ಜಾತಿ, ಒಂದು ಕಡೆ ಧರ್ಮ. ಒಂದು ಕಡೆ ಹಿಂದೂ ಮನೆ, ಒಂದು ಕಡೆ ಮುಸ್ಲಿಂ ಮನೆ. ಇಂಥ ದಂಪತಿಗಳು ನಮ್ಮ ಊರಿನಲ್ಲಿ ಇನ್ನೂ ನೂರಾರು ಇದ್ದಾರೆ. ಅವರಿಗೆ ಮಸ್ಕತ್ತಿನ ಸಮುದ್ರತೀರದಲ್ಲಿ ಸಿಗುವ ನೆಮ್ಮದಿ ತವರಿನ ಬಸ್ ನಿಲ್ದಾಣದಲ್ಲಿ ಸಿಗುತ್ತದೆಯೆ? ಅವರ ಪಾಲಿಗೆ ಎಚ್ಚರ ಬೇಕಾದ ‘ಸಂಪ್ರದಾಯಸ್ಥ ದೇಶ’ ಯಾವುದು?

ಇಲ್ಲಿ ಓದುಗರು ಒಂದು ಆಕ್ಷೇಪ ಎತ್ತಬಹುದು. ‘ಅಲ್ಲಿ ಕಾನೂನೇ ಹೆಣ್ಣಿನ ವಿರುದ್ಧ, ಇಲ್ಲಿ ಕೆಲವು ಪುಂಡರು, ಕೆಲವು ಕುಟುಂಬಗಳು ಮಾತ್ರ. ಎರಡನ್ನೂ ಒಂದೇ ತಕ್ಕಡಿಯಲ್ಲಿಡುವುದು ಸರಿಯೆ?’ ಸರಿಯಲ್ಲ, ಮತ್ತು ನಾವು ಇಡುತ್ತಲೂ ಇಲ್ಲ. ಇರಾನಿನಲ್ಲಿ ತಲೆವಸ್ತ್ರ ವಿದೇಶಿ ಮಹಿಳೆಗೂ ಕಾನೂನಿನಂತೆ ಕಡ್ಡಾಯ. ಅದನ್ನು ಸರಿಯಾಗಿ ಧರಿಸಲಿಲ್ಲವೆಂದು ಬಂಧಿತಳಾದ ಇಪ್ಪತ್ತೆರಡರ ಮಹ್ಸಾ ಅಮೀನಿ 2022ರ ಸೆಪ್ಟೆಂಬರಿನಲ್ಲಿ ಸತ್ತಳು. ಆ ಸಾವನ್ನು ವಿರೋಧಿಸಿ ಬೀದಿಗಿಳಿದವರು ಅದೇ ದೇಶದ ಹೆಣ್ಣುಮಕ್ಕಳು. ಸೌದಿಯಲ್ಲಿ ಇಪ್ಪತ್ತೊಂದು ದಾಟಿದ ಹೆಣ್ಣು ಪುರುಷ ಪೋಷಕನ ಒಪ್ಪಿಗೆಯಿಲ್ಲದೆ ಪಾಸ್‌ಪೋರ್ಟ್ ಪಡೆಯುವಂತಾದದ್ದು 2019ರಲ್ಲಷ್ಟೇ. ಇವನ್ನು ನಾವು ಮುಚ್ಚಿಡುವುದಿಲ್ಲ. ನಮ್ಮ ಸಂವಿಧಾನ ನಮ್ಮ ಕಡೆಗಿದೆ, ನ್ಯಾಯಾಲಯ ನಮ್ಮ ಕಡೆಗಿದೆ. ವ್ಯತ್ಯಾಸ ದೊಡ್ಡದು. ಆದ್ದರಿಂದಲೇ ನಮ್ಮ ತಪ್ಪೂ ದೊಡ್ಡದು. ಕಾನೂನು ಬಿಡುವು ಕೊಡದ ಕಡೆ ಹೆಣ್ಣು ಬಾಗುವುದು ಒಂದು ಮಾತು. ಕಾನೂನು ಬಿಡುವು ಕೊಟ್ಟರೂ ಮನೆ ಬಾಗಿಸುವುದು ಇನ್ನೊಂದು ಮಾತು.

ಇನ್ನೊಂದು ಆಕ್ಷೇಪ ಹೆಚ್ಚು ವ್ಯಾವಹಾರಿಕವಾದದ್ದು: ‘ತೊಂದರೆಯಾದರೆ ಅನುಭವಿಸುವವಳು ಅವಳೇ, ಆದ್ದರಿಂದ ಅವಳಿಗೇ ಹೇಳಿದೆವು.’ ಈ ಮಾತಿನಲ್ಲಿ ಕಾಳಜಿ ಇದೆ ಎಂಬುದನ್ನು ಒಪ್ಪುತ್ತೇವೆ. ಆದರೆ ಎಲ್ಲ ಎಚ್ಚರವನ್ನೂ ಒಬ್ಬಳ ತಲೆಯ ಮೇಲೆ ಹೊರಿಸಿದರೆ ಅಚಾತುರ್ಯ ನಡೆದಾಗ ತಪ್ಪೂ ಅವಳದೇ ಆಗುತ್ತದೆ. ‘ಹೇಳಿರಲಿಲ್ಲವೆ?’ ಎಂಬ ಒಂದೇ ಪ್ರಶ್ನೆ ಗಂಡನನ್ನೂ ನಮ್ಮನ್ನೂ ಹೊಣೆಯಿಂದ ಬಿಡಿಸುತ್ತದೆ. ಸಾಲಾರ್ ಜಂಗ್ ವಸ್ತುಸಂಗ್ರಹಾಲಯದಲ್ಲಿ ಒಂದೇ ಮರದ ತುಂಡಿನಲ್ಲಿ ಕೆತ್ತಿದ ಜೋಡಿಮೂರ್ತಿಯನ್ನು ಓದುಗರು ನೋಡಿರಬಹುದು. ಮುಂದೆ ತಲೆಯೆತ್ತಿ ನಿಂತ ಮೆಫಿಸ್ಟೋಫಿಲಿಸ್. ಹಿಂದಿನ ಕನ್ನಡಿಯಲ್ಲಿ ತಲೆ ತಗ್ಗಿಸಿದ ಮಾರ್ಗರೆಟ್. ನಾವು ಅಂದು ಕಾಚಿಗುಡದಲ್ಲಿ ಆ ದಂಪತಿಗಳನ್ನು ಕೂರಿಸಿದ್ದು ಹಾಗೆಯೇ.

ಹಾಗಾದರೆ ಯೋಜನೆ ಹೇಗಿರಬೇಕು? ಟೀಕಿಸಿ ಕೈತೊಳೆದುಕೊಳ್ಳುವುದು ನಮ್ಮ ಉದ್ದೇಶವಲ್ಲ. ಹೊರಡುವ ಇಬ್ಬರೂ ಒಂದು ಸಂಜೆ ಜೊತೆಗೆ ಕುಳಿತು ಒಂದರ ಬದಲು ಮೂರು ಪಟ್ಟಿಗಳನ್ನು ಮಾಡಬೇಕೆಂಬುದು ನಮ್ಮ ಸೂಚನೆ.

ಮೊದಲನೆಯದು ಕಾನೂನಿನ ಪಟ್ಟಿ. ಇದನ್ನು ಕಾಕಾ, ಮಾಮಾ, ಓಣಿಯ ಪ್ರವಾಸಪ್ರವೀಣರಿಂದ ಕೇಳಬಾರದು. ಆಯಾ ದೇಶದ ಸರ್ಕಾರ ಮತ್ತು ನಮ್ಮ ವಿದೇಶಾಂಗ ಇಲಾಖೆ ಪ್ರಕಟಿಸಿದ್ದನ್ನು, ಪ್ರಯಾಣದ ಸಮಯದಲ್ಲಿ ಜಾರಿಯಲ್ಲಿರುವುದನ್ನು ಇಬ್ಬರೂ ಸ್ವತಃ ಓದಬೇಕು. ಔಷಧ, ಆಹಾರ, ಮದ್ಯ, ಚಿತ್ರೀಕರಣ, ಉಡುಪು, ಸಾರ್ವಜನಿಕ ವರ್ತನೆ ಎಲ್ಲವೂ ಅದರಲ್ಲಿರಲಿ. ಈ ಪಟ್ಟಿಯಲ್ಲಿ ಚೌಕಾಸಿಯಿಲ್ಲ. ಒಪ್ಪಿಗೆಯಾದರೆ ಪೂರ್ತಿ ಪಾಲಿಸಿ ಹೋಗಬೇಕು. ಒಪ್ಪಿಗೆಯಾಗದಿದ್ದರೆ ಆ ದೇಶಕ್ಕೆ ಹೋಗದಿರಬೇಕು. ತಲೆವಸ್ತ್ರ ಧರಿಸಲು ಹೆಂಡತಿಗೆ ಮನಸ್ಸಿಲ್ಲವೆಂದಾದರೆ ‘ನಾಲ್ಕು ದಿನ ತಾನೆ, ಹೊಂದಿಕೋ’ ಎನ್ನುವ ಹಕ್ಕು ಗಂಡನಿಗಿಲ್ಲ. ಇರಾನ್ ಬಿಟ್ಟು ನೋಡಬೇಕಾದ ನಾಡುಗಳು ಲೋಕದಲ್ಲಿ ಬೇಕಾದಷ್ಟಿವೆ.

ಕಾನೂನಿನ ಪಟ್ಟಿಯ ಬಗ್ಗೆ ಹೇಳುವಾಗ ‘ಜೋಡಿ’ ಎಂದರೆ ಗಂಡು ಹೆಣ್ಣು ಮಾತ್ರವಲ್ಲ ಎಂಬುದನ್ನೂ ನೆನೆಯಬೇಕು. ನಮ್ಮ ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್ 6ರಂದು ಸಲಿಂಗ ಸಂಬಂಧವನ್ನು ಅಪರಾಧದ ಕಳಂಕದಿಂದ ಬಿಡಿಸಿತು. ಆದರೆ ನಾವು ಮೇಲೆ ಹೆಸರಿಸಿದ ಸೌದಿ, ಎಮಿರೇಟ್ಸ್, ಇರಾನುಗಳಲ್ಲಿ ಅದು ಇಂದಿಗೂ ಅಪರಾಧ. ಅಂಥ ಜೋಡಿಗೆ ‘ಸ್ವಲ್ಪ ಎಚ್ಚರವಿರಲಿ’ ಎಂಬ ನಯದ ಮಾತು ಸಾಲದು. ಅಪಾಯ ನಿಜವಾದದ್ದು ಎಂದು ನೇರವಾಗಿ ಹೇಳುವುದೇ ಸ್ನೇಹ. ವದಂತಿಯ ಅಂಜಿಕೆಗೂ ನಿಜವಾದ ಅಪಾಯಕ್ಕೂ ಇರುವ ಅಂತರ ತಿಳಿಯಬೇಕಾದದ್ದು ಇಂಥ ಕಡೆಯೇ.

ಎರಡನೆಯದು ರೀತಿಯ ಪಟ್ಟಿ. ಕಾನೂನು ಕೇಳದಿದ್ದರೂ ಅತಿಥಿಗೆ ಒಪ್ಪುವ ನಡೆ ಎಂಬುದೊಂದಿದೆ. ಮಸೀದಿಯ ಹೊಸ್ತಿಲಲ್ಲಿ ಚಪ್ಪಲಿ ಬಿಡುವುದು, ಪ್ರಾರ್ಥನೆಯ ಹೊತ್ತಿನಲ್ಲಿ ದನಿ ತಗ್ಗಿಸುವುದು. ಚಾರ್‌ಮಿನಾರಿನ ಸುತ್ತ ಬಾಳಿದ ನಮಗೆ ಇದನ್ನು ಯಾರೂ ಕಲಿಸಬೇಕಾಗಿಲ್ಲ. ನಿಯಮ ಒಂದೇ: ಈ ಪಟ್ಟಿಯ ಪ್ರತಿ ಸಾಲೂ ಇಬ್ಬರಿಗೂ ಅನ್ವಯಿಸಬೇಕು. ಅವಳ ತೋಳು ಮುಚ್ಚಬೇಕಾದ ಕಡೆ ಅವನ ಮೊಣಕಾಲೂ ಮುಚ್ಚಬೇಕು. ಅವಳು ದನಿ ತಗ್ಗಿಸುವ ಕಡೆ ಅವನೂ ತಗ್ಗಿಸಬೇಕು.

ಮೂರನೆಯದು ಅಂಜಿಕೆಯ ಪಟ್ಟಿ. ಅವರು ಹೀಗಂತೆ, ಇವರು ಹಾಗಂತೆ, ಯಾರದೋ ಸೊಸೆಗೆ ಹೀಗಾಯಿತಂತೆ ಎಂಬ ಅಂತೆಕಂತೆಗಳ ಪಟ್ಟಿ. ಅಂದು ನಾವು ಹೇಳಿದ ಹದಿನಾಲ್ಕರಲ್ಲಿ ಹನ್ನೆರಡು ಈ ಪಟ್ಟಿಗೆ ಸೇರತಕ್ಕವು. ಇದನ್ನು ಬರೆದು, ಓದಿ, ಹರಿದು ಮನೆಯಲ್ಲೇ ಬಿಟ್ಟು ಹೊರಡಬೇಕು.

ಇಷ್ಟಾದ ಮೇಲೂ ಒಂದು ಕೆಲಸ ಉಳಿಯುತ್ತದೆ. ಈ ಲೇಖನದ ತಲೆಬರಹಕ್ಕೆ ಕಾರಣವಾದದ್ದೂ ಅದೇ. ಶಂಷಾಬಾದಿನ ವಿಮಾನನಿಲ್ದಾಣದಲ್ಲಿ ಸರತಿಯಲ್ಲಿ ನಿಂತ ನಮ್ಮವರನ್ನು ಗಮನಿಸಿ. ಇಬ್ಬರ ಪಾಸ್‌ಪೋರ್ಟೂ ಗಂಡನ ಕೈಚೀಲದಲ್ಲಿ. ಟಿಕೆಟು ಗಂಡನ ಮೊಬೈಲಿನಲ್ಲಿ. ವಿದೇಶಿ ಹಣ, ಕಾರ್ಡು ಗಂಡನ ಜೇಬಿನಲ್ಲಿ. ಹೊಸ ಸಿಮ್ ಗಂಡನ ಹೆಸರಿನಲ್ಲಿ. ಹೋಟೆಲಿನ ವಿಳಾಸವೂ ಅವಳಿಗೆ ಬಾಯಿಪಾಠವಿಲ್ಲ. ‘ಅವಳು ಕಳೆದುಬಿಡ್ತಾಳೆ’ ಎಂಬುದು ಕಾರಣ. ನಮ್ಮ ಬಳಗದ ಗಂಡಸರು ಪ್ರಾಮಾಣಿಕವಾಗಿ ಹೇಳಲಿ, ನಾವು ಎಷ್ಟು ಜನ ಹೀಗೆಯೇ ಪ್ರಯಾಣ ಮಾಡಿಲ್ಲ?

ಕೊಲ್ಲಿಗೆ ದುಡಿಯಲು ಹೋದ ಕರೀಂನಗರದ, ನಿಜಾಮಾಬಾದಿನ ಬಡವರ ಪಾಸ್‌ಪೋರ್ಟನ್ನು ಅಲ್ಲಿಯ ಮಾಲೀಕ ಕಿತ್ತಿಟ್ಟುಕೊಂಡಾಗ ನಾವು ಅದನ್ನು ಗುಲಾಮಗಿರಿ ಎಂದು ಕರೆಯುತ್ತೇವೆ. ಸರಿಯಾಗಿಯೇ ಕರೆಯುತ್ತೇವೆ. ಅದೇ ಕೆಲಸವನ್ನು ಗಂಡ ಮಾಡಿದರೆ ಅದಕ್ಕೆ ಜವಾಬ್ದಾರಿ ಎಂಬ ಹೆಸರು. ಉದ್ದೇಶ ಬೇರೆ ಎಂಬುದು ನಿಜ. ಆದರೆ ಅಪರಿಚಿತ ನಗರದ ಜನಜಂಗುಳಿಯಲ್ಲಿ ಗಂಡನಿಂದ ಬೇರೆಯಾದ ಹೆಣ್ಣಿಗೆ, ಅಥವಾ ಗಂಡ ಕುಸಿದು ಆಸ್ಪತ್ರೆ ಸೇರಿದ ಹೊತ್ತಿನಲ್ಲಿ ಒಂಟಿಯಾದ ಹೆಣ್ಣಿಗೆ, ಆ ಉದ್ದೇಶದಿಂದ ಏನು ಪ್ರಯೋಜನ? ಅವಳು ಯಾರೆಂದು ಹೇಳುವ ಒಂದು ಕಾಗದವೂ ಅವಳ ಕೈಯಲ್ಲಿಲ್ಲ.

ಈ ಊರಿನ ಒಂದು ಹಳೆಯ ಘಟನೆಯನ್ನು ಇಲ್ಲಿ ನೆನೆಯದಿರಲಾರೆವು. 1991ರಲ್ಲಿ ಹೈದರಾಬಾದಿನಿಂದ ಹೊರಟ ವಿಮಾನವೊಂದರಲ್ಲಿ ಹತ್ತು ವರ್ಷದ ಬಾಲಕಿಯೊಬ್ಬಳು ಅಳುತ್ತಿದ್ದುದನ್ನು ಗಗನಸಖಿಯೊಬ್ಬರು ಗಮನಿಸಿದರು. ಪಕ್ಕದಲ್ಲಿದ್ದವನು ಅವಳನ್ನು ಮದುವೆಯಾಗಿ ಒಯ್ಯುತ್ತಿದ್ದ, ಅರವತ್ತರ ಆಸುಪಾಸಿನ ಸೌದಿ ಪ್ರಜೆ. ಸಂಪ್ರದಾಯಸ್ಥ ದೇಶದವನು ಅವನು, ನಿಜ. ಆದರೆ ಆ ಮಗುವನ್ನು ಅವನಿಗೆ ಕೊಟ್ಟ ಮನೆ, ಮದುವೆ ಮಾಡಿಸಿದ ಕೈ, ಸುಮ್ಮನಿದ್ದ ನೆರೆಹೊರೆ ಎಲ್ಲವೂ ನಮ್ಮ ಊರಿನವು. ಅವಳನ್ನು ಉಳಿಸಿದ್ದು ‘ನಿನಗೇನಾಗಿದೆ?’ ಎಂದು ಅವಳನ್ನೇ ಕೇಳಿದ ಒಬ್ಬ ಹೆಣ್ಣುಮಗಳು. ಗಂಡನೆನಿಸಿಕೊಂಡವನು ಜೊತೆಯಲ್ಲೇ ಇದ್ದ, ಅವನನ್ನು ಕೇಳಿದ್ದರೆ ಮಗು ಉಳಿಯುತ್ತಿರಲಿಲ್ಲ.

ಕಾಚಿಗುಡದ ದಂಪತಿಗಳ ಮಾತು ಅಷ್ಟು ಘೋರವಾದದ್ದಲ್ಲ ಎಂದು ನಮಗೆ ಗೊತ್ತು. ಅವರದು ಪ್ರೀತಿಯ ಮನೆ. ಆದರೂ ನಾವು ಮಾಡಬೇಕಿದ್ದ ಕೆಲಸ ಅದೇ ಆಗಿತ್ತು: ಅವಳನ್ನು ಕೇಳುವುದು. ನಿನಗೆ ಎಲ್ಲಿಗೆ ಹೋಗುವ ಆಸೆ? ಯಾವುದಕ್ಕೆ ಒಪ್ಪಿಗೆ, ಯಾವುದಕ್ಕೆ ಇಲ್ಲ? ಇವುಗಳಲ್ಲಿ ಒಂದನ್ನೂ ಕೇಳದೆ ಹದಿನಾಲ್ಕು ಬೇಡಗಳನ್ನು ಹೇಳಿದೆವು.

ಆದ್ದರಿಂದ, ತಂಗಿ, ನಿನ್ನ ಪ್ರಶ್ನೆಗೆ ನಮ್ಮ ಉತ್ತರ ಇದು. ಇವರಿಗೂ ಇದೆ, ನಿನಗಿರುವಷ್ಟೇ ಇದೆ. ನಾವು ಹೇಳಿದ್ದನ್ನು ಮೊಬೈಲಿನಿಂದ ಅಳಿಸಿಬಿಡು. ಕಾನೂನನ್ನು ಇಬ್ಬರೂ ಕೂತು ಓದಿ. ಅತ್ತೆಯ ಮಸಾಲೆಯಲ್ಲಿ ಗಸಗಸೆ ಇದೆಯೇ ಎಂದು ಕೇಳು. ಅದನ್ನು ಕೇಳುವ ಕೆಲಸ ಮಗನದೇ ಆದರೆ ಇನ್ನೂ ಒಳ್ಳೆಯದು. ನಿನ್ನ ಪಾಸ್‌ಪೋರ್ಟ್ ನಿನ್ನ ಚೀಲದಲ್ಲಿರಲಿ. ನಿನ್ನ ಹೆಸರಿನ ಸಿಮ್, ನಿನ್ನದೇ ಕಾರ್ಡು, ಭಾರತೀಯ ರಾಯಭಾರ ಕಚೇರಿಯ ದೂರವಾಣಿ ಸಂಖ್ಯೆ ನಿನ್ನ ಬಳಿಯೂ ಇರಲಿ. ಅಲ್-ಉಲಾದ ಬಂಡೆಗಳ ಮುಂದೆ ನಿಂತು ಮನಸಾರೆ ನಕ್ಕು ಬಾ.

ಬಂದ ಮೇಲೆ ನಮ್ಮ ಸಭೆಯಲ್ಲಿ ಪ್ರವಾಸಾನುಭವ ಹೇಳುವ ಸರದಿ ನಿನ್ನದು. ಚಹಾ ತರುವ ಕೆಲಸವನ್ನು ಅವನಿಗೆ ವಹಿಸುತ್ತೇವೆ.